ಗಾಲಿಯನ್ನು ನೆಲವು ಆರಿಸಲಿ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮುಂತಾದ ಕಡೆಗಳಲ್ಲಿ ವಾಸಿಸುವ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನಿಸಿರಬಹುದು. ಬೆಳಗಿನ ಹೊತ್ತು ಕಚೇರಿಗಳಿಗೂ ಕಾರ್ಖಾನೆಗಳಿಗೂ ಸಾಗುವ ವಾಹನಗಳ ಸಾಲಿನಲ್ಲಿ, ನಾಲ್ಕು ಚಕ್ರಗಳಿಗೂ ಎಂಜಿನಿನ ಚಾಲನೆಯುಳ್ಳ ಎತ್ತರವಾದ ಜೀಪುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಅವುಗಳಲ್ಲಿ ಹಲವಕ್ಕೆ ತಯಾರಕರು ಕೊಟ್ಟ ಟೈರುಗಳನ್ನು ಕಳಚಿ, ಬೆರಳ ತುದಿ ಮುಳುಗುವಷ್ಟು ಆಳವಾದ ಸಂದುಗಳಿರುವ, ದಪ್ಪ ಹಲ್ಲಿನ ಟೈರುಗಳನ್ನು ತೊಡಿಸಿರುತ್ತಾರೆ. ನೋಡಲು ಅವು ಗಂಭೀರವಾಗಿವೆ. ಎಂತಹ ಕಾಡುದಾರಿಯನ್ನಾದರೂ ಮೆಟ್ಟಿ ಹೋಗಬಲ್ಲೆವೆಂದು ಸಾರುವಂತಿವೆ. ಆದರೆ ಆ ವಾಹನಗಳು ದಿನವೂ ಸಂಚರಿಸುವುದು ಡಾಂಬರು ರಸ್ತೆಯ ಮೇಲೆ.

ಟೈರಿನ ಆಯ್ಕೆ ಅವರವರ ಇಷ್ಟಕ್ಕೆ ಬಿಟ್ಟದ್ದು, ಅದರಲ್ಲಿ ಉಳಿದವರು ಹೇಳುವುದೇನಿದೆ ಎಂದು ಕೆಲವರು ಕೇಳಬಹುದು. ನಮ್ಮ ಅಭಿಪ್ರಾಯ ಹಾಗಲ್ಲ. ಎರಡು ಟನ್ ತೂಕದ ಯಂತ್ರವನ್ನು ನೆಲಕ್ಕೆ ಹಿಡಿದು ನಿಲ್ಲಿಸುವ ವಸ್ತು ಟೈರೊಂದೇ. ಬ್ರೇಕು ಚಕ್ರವನ್ನು ನಿಲ್ಲಿಸಬಲ್ಲುದು. ವಾಹನವನ್ನು ನಿಲ್ಲಿಸಬೇಕಾದುದು ಟೈರಿಗೂ ನೆಲಕ್ಕೂ ನಡುವಣ ಹಿಡಿತ. ಆ ವಾಹನದ ಮುಂದೆ ರಸ್ತೆ ದಾಟುವವರ ಪ್ರಾಣವೂ ಅದು ಹೊಕ್ಕ ಹುಲ್ಲುಗಾವಲಿನ ಗತಿಯೂ ಈ ಆಯ್ಕೆಯನ್ನು ಅವಲಂಬಿಸಿವೆ. ಆದುದರಿಂದ ಇದು ವಿಚಾರ ಮಾಡಿ ನಿರ್ಧರಿಸಬೇಕಾದ ವಿಷಯ. ಗಾಲಿಯನ್ನು ನೆಲವು ಆರಿಸಬೇಕು, ಕಣ್ಣು ಆರಿಸಬಾರದು ಎಂಬುದು ನಮ್ಮ ವಾದ.

ಮೊದಲು ಟೈರು ಏನು ಮಾಡುತ್ತದೆಂಬುದನ್ನು ನೋಡೋಣ. ನಮ್ಮ ಹಳ್ಳಿಗಳ ಹಳೆಯ ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದಿರುತ್ತಿತ್ತು. ಗಾಡಿಯ ಭಾರವೆಲ್ಲ ಆ ಪಟ್ಟಿಯ ಕಿರಿದಾದ ಭಾಗದ ಮೇಲೆ ಬಿದ್ದು, ಹಸಿ ನೆಲದಲ್ಲಿ ಆಳವಾದ ಜಾಡು ಕೊರೆಯುತ್ತಿತ್ತು. ಗಾಳಿ ತುಂಬಿದ ಗಾಲಿಯ ಕಲ್ಪನೆಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಆದರೆ ಅದು ಬಳಕೆಗೆ ಬಂದುದು 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಅದನ್ನು ಮತ್ತೆ ಕಂಡುಹಿಡಿದ ಮೇಲೆ. ಮುಂದೆ ಎತ್ತಿನ ಗಾಡಿಗೂ ರಬ್ಬರು ಗಾಲಿ ಬಂದು, ನಮ್ಮ ರೈತರು ಅದನ್ನು ‘ಟೈರುಗಾಡಿ’ ಎಂದು ಕರೆದರು. ಅದೇ ಎತ್ತುಗಳು ಹೆಚ್ಚು ಹೇರನ್ನು ಸುಲಭವಾಗಿ ಎಳೆಯತೊಡಗಿದವು. ಕಾರಣ ಸರಳವಾದುದು: ಭಾರವನ್ನು ಹೊರುವುದು ಬಹುಮಟ್ಟಿಗೆ ಒಳಗಿನ ಗಾಳಿ. ರಬ್ಬರು ಆ ಗಾಳಿಯನ್ನು ಹಿಡಿದಿಡುವ ಚೀಲ, ನೆಲವನ್ನು ಮುಟ್ಟುವ ಚರ್ಮ.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಎರಡು ಸಾವಿರ ಕಿಲೋಗ್ರಾಂ ತೂಕದ ಜೀಪಿನ ಪ್ರತಿಯೊಂದು ಗಾಲಿಯ ಮೇಲೆ 500 ಕಿಲೋಗ್ರಾಂ, ಅಂದರೆ ಸುಮಾರು 1,100 ಪೌಂಡು ಭಾರವಿದೆ ಎಂದಿಟ್ಟುಕೊಳ್ಳೋಣ. ಟೈರಿನಲ್ಲಿ ಚದರ ಅಂಗುಲಕ್ಕೆ 30 ಪೌಂಡು ಒತ್ತಡದ ಗಾಳಿಯಿದ್ದರೆ, ಆ ಭಾರವನ್ನು ಹೊರಲು 1,100 ÷ 30, ಅಂದರೆ ಸುಮಾರು 37 ಚದರ ಅಂಗುಲ ರಬ್ಬರು ನೆಲವನ್ನು ಮುಟ್ಟಬೇಕು. ಇದು ದೊಡ್ಡವರ ಒಂದು ಚಪ್ಪಲಿಯ ಅಡಿಯಷ್ಟೇ ಜಾಗ! ಒತ್ತಡವನ್ನು 20 ಪೌಂಡಿಗೆ ಇಳಿಸಿದರೆ ಈ ಜಾಗ 55 ಚದರ ಅಂಗುಲವಾಗುತ್ತದೆ. ಟೈರಿನ ಪಕ್ಕದ ಗೋಡೆಯ ಬಿಗುಪು ಸ್ವಲ್ಪ ಭಾರವನ್ನು ಹೊರುವುದರಿಂದ ಈ ಸಂಖ್ಯೆಗಳು ಅಂದಾಜಿನವು. ಆದರೂ ತತ್ತ್ವ ಸ್ಪಷ್ಟವಾಗಿದೆ. ಹೊಸ ಟೈರಿಗೆ ಹಣ ಸುರಿಯದೆ, ಇದ್ದ ಟೈರಿನ ಗಾಳಿಯನ್ನು ತುಸು ಇಳಿಸಿದ ಮಾತ್ರಕ್ಕೆ ನೆಲದ ಮೇಲಿನ ಹೆಜ್ಜೆ ಒಂದೂವರೆ ಪಾಲು ದೊಡ್ಡದಾಯಿತು.

ಹೆಜ್ಜೆ ದೊಡ್ಡದಾದರೆ ಹಿಡಿತ ಹೆಚ್ಚುವುದೆ? ಅದು ಮಣ್ಣಿನ ಗುಣವನ್ನು ಅವಲಂಬಿಸುತ್ತದೆ. ಮೆದು ನೆಲದಲ್ಲಿ ಗಾಲಿಗೆ ದೊರೆಯುವ ಹಿಡಿತಕ್ಕೆ ಎರಡು ಪಾಲುಗಳುಂಟು. ಒಂದು, ಮಣ್ಣಿನ ಕಣಗಳ ಪರಸ್ಪರ ಅಂಟು. ಇದು ಗಾಲಿ ಮುಟ್ಟಿದ ವಿಸ್ತೀರ್ಣಕ್ಕೆ ತಕ್ಕಂತೆ ಹೆಚ್ಚುತ್ತದೆ. ಇನ್ನೊಂದು, ಕಣಗಳ ನಡುವಣ ಘರ್ಷಣೆ. ಇದು ಮೇಲಿನ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ. ಜೇಡಿಯಲ್ಲಿ ಮೊದಲನೆಯದು ಮುಖ್ಯ. ಒಣ ಮರಳಿನಲ್ಲಿ ಅಂಟಿಲ್ಲ. ಅಲ್ಲಿರುವುದು ಎರಡನೆಯದು ಮಾತ್ರ. ಮರಳಿನಲ್ಲಿ ಗಾಲಿ ಅಗಲವಾಗಿ ತೇಲಿದಂತಿರಬೇಕು. ಆಳವಾದ ಹಲ್ಲುಗಳು ಅಲ್ಲಿ ಸಲಿಕೆಯಂತೆ ಮರಳನ್ನು ಅಗೆದು, ತಾವು ತೋಡಿದ ಗುಂಡಿಯೊಳಕ್ಕೇ ವಾಹನವನ್ನು ಇಳಿಸುತ್ತವೆ. ಒಂದೇ ಟೈರು ಎಲ್ಲ ನೆಲಕ್ಕೂ ಉತ್ತಮವಾಗಲಾರದೆಂಬುದು ಇದರಿಂದ ತಿಳಿಯುತ್ತದೆ.

ನೆಲವನ್ನು ಮೊದಲು ತಿಳಿದು ಬಳಿಕ ಗಾಲಿಯನ್ನು ನಿರ್ಧರಿಸುವ ಕ್ರಮಕ್ಕೆ ಅತ್ಯುತ್ತಮ ನಿದರ್ಶನ ಚಂದ್ರಲೋಕದ್ದು. ನೆಲ ಮತ್ತು ಗಾಲಿಗಳ ಸಂಬಂಧವನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಪೋಲೆಂಡಿನಿಂದ ಬಂದು ಅಮೆರಿಕದಲ್ಲಿ ನೆಲೆಸಿದ ಎಂ. ಜಿ. ಬೆಕ್ಕರ್ ಪ್ರಮುಖರು. 1971ರಲ್ಲಿ ಅಪೊಲೊ 15ರ ಯಾತ್ರಿಕರು ಚಂದ್ರನ ಮೇಲೆ ಓಡಿಸಿದ ವಾಹನದ ವಿನ್ಯಾಸದಲ್ಲಿ ಅವರ ಪಾತ್ರವಿತ್ತು. ಆ ಗಾಲಿಗಳಲ್ಲಿ ರಬ್ಬರೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಉಕ್ಕಿನ ತಂತಿಯ ಹೆಣಿಗೆಯ ಮೇಲೆ ಟೈಟೇನಿಯಂ ಪಟ್ಟಿಗಳನ್ನು ಕೂಡಿಸಿದ್ದರು. ಚಂದ್ರನ ಸಡಿಲವಾದ ಧೂಳಿಗೆ ಅದೇ ತಕ್ಕುದಾಗಿತ್ತು. ನಮ್ಮ ದೇಶದ ಚಂದ್ರಯಾನ ಯೋಜನೆಯಲ್ಲಿಯೂ ಇಸ್ರೋ ವಿಜ್ಞಾನಿಗಳು ಇದೇ ಹಾದಿಯನ್ನು ಹಿಡಿದರು. ಸೇಲಂ ಸಮೀಪದ ಸಿತ್ತಂಪೂಂಡಿಯ ಬಂಡೆಯನ್ನು ಪುಡಿಮಾಡಿ, ಚಂದ್ರನ ಮಣ್ಣನ್ನು ಹೋಲುವ ಮಣ್ಣನ್ನು ಸಿದ್ಧಪಡಿಸಿ, ಬೆಂಗಳೂರಿನಲ್ಲಿ ಅದನ್ನು ಹರಡಿ ಪರೀಕ್ಷೆಗಳನ್ನು ನಡೆಸಿದರು. 2023ರ ಆಗಸ್ಟ್ ತಿಂಗಳಲ್ಲಿ 26 ಕಿಲೋಗ್ರಾಂ ತೂಕದ ಪ್ರಜ್ಞಾನ್ ತನ್ನ ಆರು ಗಾಲಿಗಳ ಮೇಲೆ ಚಂದ್ರನೆಲದಲ್ಲಿ ಸಂಚರಿಸಿತು. ಸುಮಾರು ನಾಲ್ಕು ಲಕ್ಷ ಕಿಲೋಮೀಟರು ದೂರದ ನೆಲವನ್ನು ಇಷ್ಟು ಎಚ್ಚರದಿಂದ ಅರಿತುಕೊಂಡ ನಗರದಲ್ಲಿಯೇ, ನಾವು ಕಾಲ ಕೆಳಗಿನ ನೆಲವನ್ನು ನೋಡದೆ ಟೈರನ್ನು ಕೊಳ್ಳುವುದು ಸರಿಯೆ?

ಹಾಗಾದರೆ ಈ ಹೊರವಲಯದ ನೆಲ ಎಂತಹುದು? ಬೆಂಗಳೂರಿನ ಸುತ್ತಲೂ ಇರುವುದು ಬಹುತೇಕ ಕೆಂಪು ಮಣ್ಣು. ಅದರಡಿಯಲ್ಲಿ ಗಟ್ಟಿಯಾದ ಕಲ್ಲು. ಉತ್ತರ ಕರ್ನಾಟಕದ ಎರೆಮಣ್ಣು ನೀರು ಕುಡಿದು ಉಬ್ಬಿ, ಗಾಲಿಗೆ ಅಂಟಿ, ಹಲ್ಲುಗಳ ಸಂದನ್ನೆಲ್ಲ ಮುಚ್ಚಿಬಿಡುತ್ತದೆ. ಕೆಂಪು ಮಣ್ಣಿನ ಜೇಡಿ ಅಷ್ಟಾಗಿ ಉಬ್ಬುವುದಿಲ್ಲ. ಮಳೆ ಬಿದ್ದಾಗ ಮೇಲ್ಪದರವು ಸಾಬೂನಿನಂತೆ ಜಾರುತ್ತದೆ. ಕೆಳಗೆ ನೆಲವು ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ಬಿಸಿಲು ಬಂದರೆ ಬೇಗ ಆರುತ್ತದೆ. ವೈಟ್‌ಫೀಲ್ಡಿನಾಚೆಗಿನ ರಾಗಿ ಹೊಲಗಳ ಬಂಡಿದಾರಿ, ಆನೇಕಲ್ಲು-ಜಿಗಣಿಗಳ ಕಲ್ಲುಗಣಿಯ ದಾರಿ, ನೆಲಮಂಗಲದ ಕಡೆಯ ಕೆರೆ ಏರಿ, ಹೊಸ ಬಡಾವಣೆಗಳ ಜಲ್ಲಿ ಹಾಸಿದ ಅರೆಬರೆ ರಸ್ತೆ - ಇವೇ ಇಲ್ಲಿನ ಒರಟು ದಾರಿಗಳು. ವರ್ಷದಲ್ಲಿ ಇಲ್ಲಿ ಮಳೆ ಬೀಳುವ ದಿನಗಳು ಸುಮಾರು 60. ಉಳಿದ ಮುನ್ನೂರು ದಿನ ಈ ದಾರಿಗಳೆಲ್ಲ ಒಣಗಿ ಗಟ್ಟಿಯಾಗಿರುತ್ತವೆ. ಇಲ್ಲಿ ಟೈರಿಗಿರುವ ದೊಡ್ಡ ಶತ್ರು ಕೆಸರಲ್ಲ. ಚೂಪಾದ ಜಲ್ಲಿಕಲ್ಲು ಮತ್ತು ಗುಂಡಿಯ ಅಂಚು.

ಅಂಗಡಿಗಳಲ್ಲಿ ಇಂತಹ ವಾಹನಗಳಿಗೆ ಮೂರು ಬಗೆಯ ಟೈರುಗಳು ದೊರೆಯುತ್ತವೆ. ಎಚ್/ಟಿ ಎಂಬುದು ಹೆದ್ದಾರಿಯ ಟೈರು. ಸಂದುಗಳು ಕಿರಿದು, ರಬ್ಬರು ನೆಲವನ್ನು ಹೆಚ್ಚಾಗಿ ಮುಟ್ಟುತ್ತದೆ. ಎಂ/ಟಿ ಎಂಬುದು ಕೆಸರಿನ ಟೈರು. ದಪ್ಪ ಹಲ್ಲುಗಳ ನಡುವೆ ಅಗಲವಾದ ಸಂದುಗಳಿದ್ದು, ಗಾಲಿ ತಿರುಗುವಾಗ ಮೆತ್ತಿದ ಕೆಸರನ್ನು ಹೊರಕ್ಕೆ ಎಸೆಯುತ್ತವೆ. ಎ/ಟಿ ಎಂಬುದು ಇವೆರಡರ ನಡುವಣ ಸರ್ವನೆಲದ ಟೈರು. ಮೇಲೆ ಹೇಳಿದ ನೆಲಕ್ಕೆ, ಡಾಂಬರಿನ ಮೇಲೆಯೇ ಹೆಚ್ಚಾಗಿ ಓಡುವ ವಾಹನಕ್ಕೆ ಒಳ್ಳೆಯ ಎಚ್/ಟಿ ಸಾಕು. ವಾರಕ್ಕೊಮ್ಮೆ ತೋಟಕ್ಕೋ ಕಲ್ಲುಗಣಿಗೋ ಹೋಗಿಬರಬೇಕಾದವರಿಗೆ, ಪಕ್ಕದ ಗೋಡೆ ಬಲವಾಗಿರುವ ಎ/ಟಿ ತಕ್ಕುದು. ಎಂ/ಟಿ ಬೇಕಾದವರು ಇಲ್ಲಿ ಅತಿ ವಿರಳ.

ಕೆಸರಿನ ಟೈರು ಇದ್ದರೆ ನಷ್ಟವೇನು ಎಂದು ಕೇಳುವವರಿಗೆ ನಾವು ಕೊಡುವ ಉತ್ತರ ಇದು. ಗಟ್ಟಿಯಾದ ರಸ್ತೆಯ ಮೇಲೆ ಹಲ್ಲಿನ ತುದಿ ಮಾತ್ರ ನೆಲವನ್ನು ಮುಟ್ಟುತ್ತದೆ; ಸಂದು ಇರುವಲ್ಲಿ ರಬ್ಬರಿಲ್ಲ. ಬ್ರೇಕು ಹಾಕಿದಾಗ ಎತ್ತರವಾದ ಹಲ್ಲುಗಳು ಬಾಗಿ ಅಲುಗುತ್ತವೆ. ಒದ್ದೆ ಡಾಂಬರಿನ ಮೇಲೆ ವಾಹನವು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಹಲ್ಲುಗಳು ಬಾಗಿ ನೆಟ್ಟಗಾಗುವ ಪ್ರತಿ ಸಲವೂ ಸ್ವಲ್ಪ ಶಕ್ತಿ ಶಾಖವಾಗಿ ವ್ಯಯವಾಗಿ, ಇಂಧನ ಹೆಚ್ಚು ಉರಿಯುತ್ತದೆ. ರಸ್ತೆಯ ಮೇಲಿನ ಗೂಂ ಎಂಬ ಸದ್ದೂ ಈ ಹಲ್ಲುಗಳದೇ. ನಾಲ್ಕು ಚಕ್ರಗಳಿಗೂ ಚಾಲನೆಯಿರುವುದರಿಂದ ಅಪಾಯವಿಲ್ಲವೆಂಬ ನಂಬಿಕೆಯೊಂದು ಪ್ರಚಾರದಲ್ಲಿದೆ. ಆ ಚಾಲನೆ ನೆರವಾಗುವುದು ಹೊರಡುವುದಕ್ಕೆ ಮತ್ತು ಏರುವುದಕ್ಕೆ. ನಿಲ್ಲುವುದಕ್ಕೆ ಅದರಿಂದ ಉಪಯೋಗವಿಲ್ಲ, ಏಕೆಂದರೆ ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೆ ಇದ್ದೇ ಇದೆ. ಪೀಣ್ಯದ ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿನಲ್ಲಿ, ಸೈಕಲ್ಲು, ಸ್ಕೂಟರು, ಪಾದಚಾರಿಗಳು ಒಟ್ಟಿಗೆ ನುಗ್ಗುವ ರಸ್ತೆಯಲ್ಲಿ, ನಾಲ್ಕು ಅಡಿ ಮುಂದೆ ನಿಲ್ಲುವುದಕ್ಕೂ ನಾಲ್ಕು ಅಡಿ ಹಿಂದೆ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಒಂದು ಸಂಸಾರದ ವ್ಯತ್ಯಾಸವಾಗಬಹುದು.

ಇದಕ್ಕೆ ಪ್ರತಿಯಾಗಿ 2022ರ ಸೆಪ್ಟೆಂಬರ್ ತಿಂಗಳ ಪ್ರವಾಹವನ್ನು ನೆನಪಿಸುವವರುಂಟು. ಆಗ ಹೊರವರ್ತುಲ ರಸ್ತೆ, ಬೆಳ್ಳಂದೂರು, ವೈಟ್‌ಫೀಲ್ಡುಗಳ ಸುತ್ತ ನೀರು ನಿಂತು, ಕಂಪ್ಯೂಟರ್ ಸಂಸ್ಥೆಗಳ ನೌಕರರು ಟ್ರ್ಯಾಕ್ಟರುಗಳಲ್ಲಿ ಕಚೇರಿಗೆ ಹೋದರು. ಟ್ರ್ಯಾಕ್ಟರಿನ ದೊಡ್ಡ ಹಲ್ಲಿನ ಟೈರೇ ಅವರನ್ನು ದಾಟಿಸಿತೆಂದು ಹಲವರು ಭಾವಿಸಿದರು. ವಾಸ್ತವದಲ್ಲಿ ದಾಟಿಸಿದುದು ಟ್ರ್ಯಾಕ್ಟರಿನ ಎತ್ತರ ಮತ್ತು ನೀರಿಗೆ ಅಡ್ಡವಾಗದ ಅದರ ತೆರೆದ ಮೈ. ಕಾರಿನದು ಮುಚ್ಚಿದ ಪೆಟ್ಟಿಗೆ. ನಾಲ್ಕು ಮೀಟರು ಉದ್ದ, 1.7 ಮೀಟರು ಅಗಲದ ವಾಹನದ ತಳದಿಂದ ಮೇಲಕ್ಕೆ 30 ಸೆಂಟಿಮೀಟರು ನೀರೇರಿದರೆ, ಒಳಕ್ಕೆ ನೀರು ನುಗ್ಗುವ ಮೊದಲು ಅದು ಪಕ್ಕಕ್ಕೆ ಸರಿಸುವ ನೀರಿನ ತೂಕ ಸುಮಾರು ಎರಡು ಟನ್. ಆರ್ಕಿಮಿಡೀಸನ ನಿಯಮದಂತೆ ಆ ವಾಹನ ತೇಲತೊಡಗುತ್ತದೆ. ನೆಲವನ್ನು ಮುಟ್ಟದ ಟೈರಿನ ಹಲ್ಲು ಎಷ್ಟು ಆಳವಾಗಿದ್ದರೇನು? ಅದಲ್ಲದೆ ಎಂಜಿನು ಉಸಿರಾಡುವ ಕೊಳವೆಗೆ ನೀರು ಸೇರಿದರೆ ಅಲ್ಲಿಗೇ ಪ್ರಯಾಣ ಮುಗಿಯಿತು. ನಿಂತ ನೀರಿಗೆ ಟೈರು ಪರಿಹಾರವಲ್ಲ. ಕೆರೆಯಿಂದ ಕೆರೆಗೆ ಹರಿಯುವ ರಾಜಕಾಲುವೆಗಳನ್ನು ಮುಚ್ಚದೆ ಕಾಯ್ದುಕೊಳ್ಳುವುದೇ ಅದಕ್ಕೆ ಮದ್ದು.

ಗಾಳಿಯನ್ನು ಇಳಿಸುವ ಉಪಾಯಕ್ಕೂ ಒಂದು ಮಿತಿಯುಂಟು. ಮೆತ್ತಗಾದ ಟೈರಿನ ಗೋಡೆ ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗಿ ಕಾಯುತ್ತದೆ. ತೀವ್ರ ತಿರುವಿನಲ್ಲಿ ರಿಮ್ಮಿನಿಂದ ಕಳಚಲೂಬಹುದು. ಒದ್ದೆ ರಸ್ತೆಯಲ್ಲಿ ಇನ್ನೂ ಒಂದು ಅಪಾಯವಿದೆ. ನೀರಿನ ಪದರವು ಗಾಲಿಯನ್ನು ನೆಲದಿಂದ ಎತ್ತಿಬಿಡುವ ವೇಗವನ್ನು ಅಮೆರಿಕದ ನಾಸಾ ಸಂಶೋಧಕರು ವಿಮಾನದ ಗಾಲಿಗಳಿಂದ ಅಳೆದು 1963ರಲ್ಲಿ ಪ್ರಕಟಿಸಿದರು. ಟೈರಿನೊಳಗಿನ ಒತ್ತಡವನ್ನು ಪೌಂಡುಗಳಲ್ಲಿ ಬರೆದು, ಅದರ ವರ್ಗಮೂಲವನ್ನು 16.7ರಿಂದ ಗುಣಿಸಿದರೆ, ಗಂಟೆಗೆ ಕಿಲೋಮೀಟರುಗಳಲ್ಲಿ ಆ ವೇಗದ ಅಂದಾಜು ದೊರೆಯುತ್ತದೆ. ಸವೆದ ಟೈರಿಗೂ, ಹಲ್ಲಿನ ಆಳವನ್ನು ಮೀರಿ ನೀರು ನಿಂತ ರಸ್ತೆಗೂ ಈ ಲೆಕ್ಕ ಸಲ್ಲುತ್ತದೆ. ಒತ್ತಡ 30 ಪೌಂಡು ಇದ್ದಾಗ ಅದು ಸುಮಾರು 91; 20ಕ್ಕೆ ಇಳಿದಾಗ ಸುಮಾರು 75. ಆದುದರಿಂದ ಕೆಸರಿನಲ್ಲಿ ನಿಧಾನವಾಗಿ ಸಾಗುವಾಗ ಮಾತ್ರ ಗಾಳಿಯನ್ನು ಇಳಿಸಬೇಕು. ಡಾಂಬರಿಗೆ ಮರಳುವ ಮುನ್ನ ತಯಾರಕರು ಸೂಚಿಸಿದ ಒತ್ತಡಕ್ಕೆ ಮತ್ತೆ ತುಂಬಬೇಕು. ಒಂದು ಒತ್ತಡಮಾಪಕವೂ ಚಿಕ್ಕದೊಂದು ಪಂಪೂ ವಾಹನದಲ್ಲಿರುವುದು, ಮುಂದಿನ ತಿಂಗಳ ಸಂಬಳವೆಲ್ಲ ಸುರಿದು ಕೊಂಡ ಟೈರಿಗಿಂತ ಹೆಚ್ಚು ಪ್ರಯೋಜನಕಾರಿ.

ಟೈರಿನ ಮೈಮೇಲಿನ ಬರಹವನ್ನು ಓದಲು ವಿದ್ಯಾರ್ಥಿಗಳು ಕಲಿಯಬೇಕು. 215/75 ಆರ್ 15 ಎಂದಿದ್ದರೆ ಅಗಲ 215 ಮಿಲಿಮೀಟರು. ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 75. ಆರ್ ಎಂದರೆ ರೇಡಿಯಲ್ ರಚನೆ. 15 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಇದರಿಂದ ಇಡೀ ಗಾಲಿಯ ವ್ಯಾಸ ಸುಮಾರು 703 ಮಿಲಿಮೀಟರು ಎಂದು ನೀವೇ ಲೆಕ್ಕ ಮಾಡಬಹುದು. ಅದರ ಬದಲು 235/75 ಆರ್ 15 ತೊಡಿಸಿದರೆ ವ್ಯಾಸ ಸುಮಾರು 733 ಆಗುತ್ತದೆ. ಹೆಚ್ಚಳ ಶೇಕಡ 4ಕ್ಕಿಂತ ಸ್ವಲ್ಪ ಮೇಲೆ. ನೆಲದಿಂದ ವಾಹನದ ಎತ್ತರ ಹೆಚ್ಚುವುದು 15 ಮಿಲಿಮೀಟರು ಮಾತ್ರ. ಆದರೆ ವೇಗಮಾಪಕ 60 ತೋರಿಸುವಾಗ ವಾಹನ ಮುನ್ನಿನ ಗಾಲಿಯಲ್ಲಿದ್ದುದಕ್ಕಿಂತ ಎರಡೂವರೆ ಕಿಲೋಮೀಟರು ಹೆಚ್ಚಾಗಿ ಓಡುತ್ತಿರುತ್ತದೆ. ಮುಂದಿನ ಸಂಖ್ಯೆ ಹೊರೆಯದು: 100 ಎಂದಿದ್ದರೆ ಒಂದು ಟೈರು 800 ಕಿಲೋಗ್ರಾಂ ಹೊರಬಲ್ಲುದು. ತಯಾರಾದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ: 3624 ಎಂದರೆ 2024ನೆಯ ಇಸವಿಯ 36ನೆಯ ವಾರ. ಸಂದುಗಳ ತಳದಲ್ಲಿ 1.6 ಮಿಲಿಮೀಟರು ಎತ್ತರದ ಚಿಕ್ಕ ದಿಣ್ಣೆಗಳಿರುತ್ತವೆ. ಹಲ್ಲು ಅವುಗಳ ಮಟ್ಟಕ್ಕೆ ಸವೆದರೆ ಆ ಟೈರಿನ ಆಯುಸ್ಸು ಮುಗಿಯಿತೆಂದು ತಿಳಿಯಬೇಕು.

ಕೊನೆಯದಾಗಿ, ಟೈರಿನ ಆಯ್ಕೆಗಿಂತಲೂ ಮೊದಲು ಕೇಳಬೇಕಾದ ಒಂದು ಪ್ರಶ್ನೆಯುಂಟು: ಈ ನೆಲದ ಮೇಲೆ ಗಾಲಿ ಉರುಳಬಹುದೆ? ಪೀಣ್ಯದಿಂದ ಉತ್ತರಕ್ಕೆ, ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ ಹೆಸರಘಟ್ಟವಿದೆ. ಬೆಂಗಳೂರಿಗೆ ಕೊಳಾಯಿಯ ನೀರು ಒದಗಿಸಲು 1894ರಲ್ಲಿ ಅರ್ಕಾವತಿಯ ಪಾತ್ರದಲ್ಲಿ ಅಲ್ಲಿ ಕೆರೆ ಕಟ್ಟಿದರು. ಕೆರೆಯ ಸುತ್ತ ಹಬ್ಬಿರುವ ಹುಲ್ಲುಗಾವಲು ನಗರದ ಸಮೀಪದಲ್ಲಿ ಉಳಿದಿರುವ ಅಪೂರ್ವ ನೆಲ. ಚಳಿಗಾಲದಲ್ಲಿ ಸೆಳೆವ ಹಕ್ಕಿಗಳು ದೂರದ ದೇಶಗಳಿಂದ ಅಲ್ಲಿಗೆ ಬರುತ್ತವೆ. ನೆಲಗುಬ್ಬಿ, ಬಾನಾಡಿಗಳು ಹುಲ್ಲಿನ ಬುಡದಲ್ಲಿ, ನೆಲದ ಮೇಲೆಯೇ ಗೂಡು ಕಟ್ಟುತ್ತವೆ. ಮರಗಳಿಲ್ಲದ ಈ ಬಯಲನ್ನು ಪಾಳುಭೂಮಿಯೆಂದು ತಿಳಿದು, ರಜಾದಿನಗಳಲ್ಲಿ ಅಲ್ಲಿ ಜೀಪುಗಳನ್ನೂ ಮೋಟಾರು ಸೈಕಲ್ಲುಗಳನ್ನೂ ಹಾಯಿಸುವ ಹವ್ಯಾಸ ಬೆಳೆಯಿತು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಈ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶವಾಗಿಸಲು ಒಪ್ಪಿಗೆ ನೀಡಿತು.

ಕೆಸರಿನ ಟೈರಿನ ಗುಣವೆಂದು ಹೇಳುವುದೇ ಅಲ್ಲಿ ದೋಷವಾಗುತ್ತದೆ. ಮೇಲ್ಪದರವನ್ನು ಹರಿದು ಕೆಳಗಿನ ಗಟ್ಟಿ ನೆಲವನ್ನು ಹಿಡಿಯುವುದು ಅದರ ಕೆಲಸ. ಹುಲ್ಲಿನ ಬೇರುಗಳು ಇರುವುದು ಆ ಮೇಲ್ಪದರದಲ್ಲಿಯೇ. ಗಾಲಿ ಹೋದ ಜಾಡಿನಲ್ಲಿ ಮಣ್ಣು ಅದುಮಿ, ಕಣಗಳ ನಡುವಣ ತೆರಪು ಮುಚ್ಚಿ, ಮಳೆಯ ನೀರು ಇಂಗದೆ ಜಾಡಿನಗುಂಟ ಹರಿಯುತ್ತದೆ. ಒಂದೆರಡು ಮಳೆಗಾಲದಲ್ಲಿ ಆ ಜಾಡು ಕೊರಕಲಾಗಿ, ಕೆಂಪು ಮಣ್ಣು ಕೊಚ್ಚಿಹೋಗಿ ಕೆರೆಯನ್ನು ಸೇರುತ್ತದೆ. ಹತ್ತು ನಿಮಿಷದ ವಿನೋದಕ್ಕೆ ಅಷ್ಟು ಬೆಲೆ ತೆರಬೇಕಾದುದು ನೀರಿಗಾಗಿ ಬಾಯಾರಿದ ಒಂದು ನಗರ. ಅಂತಹ ನೆಲಕ್ಕೆ ಯಾವ ಟೈರೂ ತಕ್ಕುದಲ್ಲ. ಅಲ್ಲಿ ಕಾಲುನಡಿಗೆಯೇ ಸರಿಯಾದ ವಾಹನ.

ಆಳವಾದ ಹಲ್ಲಿನ ಟೈರನ್ನು ನಾವು ಸರ್ವಥಾ ನಿಂದಿಸುತ್ತಿಲ್ಲ. ಕೊಡಗಿನ ಅಥವಾ ಸಕಲೇಶಪುರದ ಕಾಫಿ ತೋಟದಲ್ಲಿ, ತಿಂಗಳುಗಟ್ಟಲೆ ಮಳೆ ಸುರಿಯುವಾಗ, ಕಡಿದಾದ ಕೆಸರು ದಾರಿಯಲ್ಲಿ ಆಳುಗಳನ್ನೂ ಗೊಬ್ಬರವನ್ನೂ ಒಯ್ಯುವ ಜೀಪಿಗೆ ಅದು ಅಲಂಕಾರವಲ್ಲ, ಅನಿವಾರ್ಯ. ಅಲ್ಲಿ ನೆಲವೇ ಅದನ್ನು ಆರಿಸಿದೆ. ನಾವು ವಿರೋಧಿಸುವುದು ಮಲೆನಾಡಿನ ನೆಲಕ್ಕಾಗಿ ಹುಟ್ಟಿದ ಗಾಲಿಯನ್ನು ಹೊಸೂರು ರಸ್ತೆಯ ಮೇಲೆ ಉರುಳಿಸುವ ಅವಿಚಾರವನ್ನು ಮಾತ್ರ.

ಈ ಪತ್ರಿಕೆಯನ್ನು ಓದುವ ತರುಣರಲ್ಲಿ ಹಲವರು ಮುಂದೆ ಇಂತಹ ವಾಹನಗಳನ್ನು ಕೊಳ್ಳುವಿರಿ. ಕೆಲವರು ಅವುಗಳನ್ನು ರೂಪಿಸುವ ಎಂಜಿನಿಯರುಗಳೂ ಆಗುವಿರಿ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲಿ ಕಾರೋ ಸ್ಕೂಟರೋ ಇದ್ದರೆ, ಅದರ ಟೈರಿನ ಬರಹವನ್ನು ಇಂದೇ ಓದಿ, ಒಂದು ಕಾಗದದ ಮೇಲೆ ಲೆಕ್ಕ ಮಾಡಿರಿ. ಗಾಳಿಯ ಒತ್ತಡವನ್ನು ಅಳೆಯಿಸಿರಿ. ಮಳೆ ನಿಂತ ಮರುದಿನ ಊರ ಹೊರಗಿನ ಮಣ್ಣುದಾರಿಗೆ ನಡೆದುಹೋಗಿ, ಒಂದು ಹಿಡಿ ಮಣ್ಣನ್ನು ಕೈಯಲ್ಲಿ ಹಿಸುಕಿ ನೋಡಿರಿ. ಅದು ಉಂಡೆಗಟ್ಟುವುದೋ, ಉದುರುವುದೋ, ಬೆರಳಿಗೆ ಅಂಟುವುದೋ ಎಂಬುದನ್ನು ಗುರುತಿಸಿರಿ. ಟೈರಿನ ಅಂಗಡಿಯವನು ಕೇಳಬೇಕಾದ ಮೊದಲ ಪ್ರಶ್ನೆಗೆ ಉತ್ತರ ಆಗ ನಿಮ್ಮ ಕೈಯಲ್ಲಿಯೇ ಇರುತ್ತದೆ.